ಅಂತರಿಕ್ಷಕ್ಕೊಂದು ಟೈಮ್‌ಟೇಬಲ್

ತಿಂಗಳ ಮೊದಲನೆಯ ಭಾನುವಾರ ನಾನು ಮನೆಯ ಒಂದು ಕಪಾಟನ್ನು ಖಾಲಿ ಮಾಡಿ, ಒರೆಸಿ, ಮತ್ತೆ ಜೋಡಿಸುತ್ತೇನೆ. ನಮ್ಮ ಮನೆಯಲ್ಲಿ ಹನ್ನೆರಡು ಕಪಾಟುಗಳಿವೆ. ಹೀಗಾಗಿ ಪ್ರತಿ ಕಪಾಟಿಗೂ ವರ್ಷಕ್ಕೊಂದು ಸರದಿ. ಇನ್ನೊಂದು ಕಪಾಟು ಮಾಡಿಸೋಣವೆಂದು ನನ್ನ ಹೆಂಡತಿ ಸರೋಜ ಕೇಳಿದಾಗಲೆಲ್ಲ ನಾನು ಬೇಡವೆನ್ನುವುದಕ್ಕೆ ಬೇರೆ ಕಾರಣವಿಲ್ಲ. ವರ್ಷಕ್ಕೆ ಹದಿಮೂರು ತಿಂಗಳಿಲ್ಲ, ಅಷ್ಟೆ.

ಈ ಸಲ ಒಂಬತ್ತನೆಯ ಕಪಾಟಿನ ಮೇಲಿನ ಹಲಗೆಯಲ್ಲಿ ಉದ್ದನೆಯ ಕಾಗದದ ಸುರುಳಿಯೊಂದು ಸಿಕ್ಕಿತು. ಬಿಡಿಸಿ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ನಾಲ್ಕು ಡಬ್ಬ ಇಟ್ಟೆ. ತುಂಬ ಓರೆ ಗೆರೆಗಳು. ಕೆಂಪು, ನೀಲಿ, ಹಸಿರು. ಸರೋಜ ಅಡುಗೆಮನೆಯಿಂದ ಬಗ್ಗಿ ನೋಡಿ, "ಅಯ್ಯೋ ರಾಮ, ಇದನ್ನ ಇನ್ನೂ ಇಟ್ಕೊಂಡಿದೀರಾ?" ಎಂದಳು. ಇಟ್ಟುಕೊಳ್ಳದೆ ಏನು ಮಾಡಲಿ? ಅಂತರಿಕ್ಷದಲ್ಲಿ ಓಡಾಡುವ ಹಡಗುಗಳಿಗೆ ಟೈಮ್‌ಟೇಬಲ್ ಹಾಕಿದವನು ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ನೀವು ನಗಬಹುದು. ನಕ್ಕು ಮುಗಿಸಿದ ಮೇಲೆ ಮುಂದಕ್ಕೆ ಓದಿ.

ನಾನು ರೈಲ್ವೆಯಲ್ಲಿ ಕಂಟ್ರೋಲರ್ ಆಗಿದ್ದವನು. ಕಂಟ್ರೋಲರ್ ಅಂದರೆ ರೈಲು ಓಡಿಸುವವನಲ್ಲ, ಬಾವುಟ ತೋರಿಸುವವನೂ ಅಲ್ಲ. ಒಂದು ಕೋಣೆಯಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತು, ಯಾವ ಗಾಡಿ ಎಷ್ಟು ಹೊತ್ತಿಗೆ ಯಾವ ಸ್ಟೇಷನ್ ದಾಟಿತು ಎಂದು ಕೇಳಿ ಕೇಳಿ ಕಾಗದದ ಮೇಲೆ ಗೆರೆ ಎಳೆಯುವವನು. ಕಾಗದದ ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್ನುಗಳು. ಗಾಡಿಯೊಂದಕ್ಕೆ ಒಂದು ಓರೆ ಗೆರೆ. ಆಗ ನಮ್ಮದು ಒಂಟಿ ಹಳಿ. ಬರುವ ಗಾಡಿ, ಹೋಗುವ ಗಾಡಿ ಎರಡಕ್ಕೂ ಅದೊಂದೇ ದಾರಿ. ಎರಡು ಗೆರೆಗಳು ಎಲ್ಲಿ ಒಂದನ್ನೊಂದು ಕತ್ತರಿಸುತ್ತವೋ ಅಲ್ಲಿ ಸ್ಟೇಷನ್ ಇರಲೇಬೇಕು. ಅಲ್ಲಿ ಒಂದು ಗಾಡಿಯನ್ನು ಪಕ್ಕದ ಲೂಪ್ ಹಳಿಗೆ ಸರಿಸಿ ಇನ್ನೊಂದನ್ನು ಬಿಡಬೇಕು. ನಡುದಾರಿಯಲ್ಲಿ ಕತ್ತರಿಸಿದರೆ ಅದು ಗೆರೆಯಲ್ಲ, ಅಪಘಾತ. ಇಪ್ಪತ್ತೆಂಟು ವರ್ಷ ನಾನು ಹೀಗೆ ಗೆರೆ ಎಳೆದಿದ್ದೇನೆ. ಒಂದು ಸಲವೂ ನಡುದಾರಿಯಲ್ಲಿ ಕತ್ತರಿಸಿಲ್ಲ.

ಶಿಸ್ತು ನನಗೆ ಕೆಲಸದಿಂದ ಬಂದದ್ದಲ್ಲ. ಅದು ಬಂದದ್ದು ನಮ್ಮ ತಂದೆಯಿಂದ. ಅವರು ಅರಮನೆಯ ಕಚೇರಿಗಳ ಗಡಿಯಾರಗಳಿಗೆ ಕೀ ಕೊಡುವ ಕೆಲಸದಲ್ಲಿದ್ದರು. ಅಗ್ರಹಾರದ ನಮ್ಮ ವಠಾರದ ಮನೆಯಲ್ಲಿ ಗಡಿಯಾರವಿರಲಿಲ್ಲ, ಅವರೇ ಇದ್ದರು. ನಾಲ್ಕೂವರೆಗೆ ಏಳುವುದು, ತಣ್ಣೀರು ಸ್ನಾನ, ಐದರಿಂದ ಪಾಠ. ಕತೆ ಪುಸ್ತಕ ಓದಲು ಸಂಜೆ ಏಳರಿಂದ ಏಳು ಇಪ್ಪತ್ತರವರೆಗೆ ಅನುಮತಿ. ಏಳು ಇಪ್ಪತ್ತಕ್ಕೆ ಸರಿಯಾಗಿ ಹಿಂದಿನಿಂದ ಒಂದು ಕೈ ಬಂದು ಪುಸ್ತಕ ಮುಚ್ಚುತ್ತಿತ್ತು. ಕತೆಯಲ್ಲಿ ರಾಜಕುಮಾರ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತಿರಲಿ, ಕಳ್ಳ ಬಾಗಿಲ ಹಿಂದೆ ನಿಂತಿರಲಿ, ತಂದೆಯವರಿಗೆ ಅದು ಸಂಬಂಧವಿಲ್ಲ. ಮರುದಿನ ಸಂಜೆ ಏಳರವರೆಗೆ ಆ ರಾಜಕುಮಾರ ನನ್ನ ತಲೆಯಲ್ಲಿ ನೇತಾಡುತ್ತಲೇ ಇರುತ್ತಿದ್ದ. ಲೆಕ್ಕದ ಕ್ಲಾಸಿನಲ್ಲಿ, ಊಟದ ಎಲೆಯ ಮುಂದೆ, ಹಗ್ಗ ಎಷ್ಟು ಹೊತ್ತು ತಡೆದೀತು ಎಂಬುದೇ ಯೋಚನೆ. ಧಾರಾವಾಹಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇನ್ನೊಂದಿಲ್ಲವೆಂದು ನಾನು ಈಗಲೂ ಹೇಳುತ್ತೇನೆ.

ನಿವೃತ್ತನಾದ ಮೇಲೆ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿದೆ. ತೊಂಬತ್ತರ ದಶಕದ ನಡುವಿನ ಮಾತು. ಆಗ ಅಲ್ಲಿ ಮನೆಗಳಿಗಿಂತ ಸೈಟಿನ ನಂಬರ್ ಕಲ್ಲುಗಳೇ ಹೆಚ್ಚು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಟೀವಿಯಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಒಂದು ದೊಡ್ಡ ಹಡಗು, ನೂರಾರು ಜನರನ್ನು ಹೊತ್ತುಕೊಂಡು, ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಕತೆ. ಅದರ ನಿಜವಾದ ಹೆಸರು ಉದ್ದವಾಗಿತ್ತು. ನಾವೆಲ್ಲ 'ಹಡಗು' ಅನ್ನುತ್ತಿದ್ದೆವು. ಅದು ಮುಗಿಯಿತು ಅನ್ನುವಷ್ಟರಲ್ಲಿ ಎರಡನೆಯ ಹಡಗು, ಅದಾದ ಮೇಲೆ ಕೇಬಲ್‌ನಲ್ಲಿ ಮೂರನೆಯ ಹಡಗು, ಹೀಗೆ ಹತ್ತು ವರ್ಷಕ್ಕೂ ಮೇಲೆ ನಡೆಯಿತು. ಆ ಹಡಗಿನ ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಕತೆ ಎಲ್ಲಿಗೇ ಹೋಗಲಿ, ನನ್ನ ಕಣ್ಣು ಆ ಗಡಿಯಾರದ ಮೇಲೆ.

ಒಂದು ಭಾನುವಾರ ಸರೋಜ ಹೇಳಿದ್ದ ತಾಮ್ರದ ಹಂಡೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಮಹದೇವಪ್ಪನವರು ಬಂದರು. ಸಂತೇಪೇಟೆಯಲ್ಲಿ ಅವರ ಪಾತ್ರೆ ಅಂಗಡಿ. ಹಣೆಯಲ್ಲಿ ವಿಭೂತಿ, ಬಿಳಿ ಅಂಗಿ, ಎರಡು ಮನೆಗೆ ಕೇಳಿಸುವ ಗಂಟಲು. ಹಂಡೆ ಇಳಿಸಿದವರು ಟೀವಿ ಕಡೆ ನೋಡುತ್ತಾ ನಿಂತೇಬಿಟ್ಟರು. ಐದು ನಿಮಿಷವಾದ ಮೇಲೆ ಕೇಳಿದರು:

"ಅಲ್ಲ ರಾಯರೇ, ಆ ಚಿಕ್ಕ ದೋಣಿ ಮೊದಲು ಹೊರಟಿತ್ತಲ್ವಾ? ದೊಡ್ಡದು ಎಂಗೆ ಮುಂಚೆ ಬಂತು?"

ನಾನು ಎದ್ದು ಅವರಿಗೆ ಕುರ್ಚಿ ಹಾಕಿದೆ. ನಾಲ್ಕು ವಾರದಿಂದ ಇಂಥದೇ ಪ್ರಶ್ನೆಗಳನ್ನು ಒಬ್ಬನೇ ಹೊತ್ತು ತಿರುಗುತ್ತಿದ್ದೆ.

ಹೀಗೆ ಶುರುವಾದದ್ದು ನಮ್ಮ ಶನಿವಾರದ ಚರ್ಚೆ. ಹಿಂದಿನ ವಾರ ನೋಡಿದ ಕಂತಿನ ಮೇಲೆ ಮಾತು, ಸಂಜೆ ಐದರಿಂದ ಆರೂಕಾಲರವರೆಗೆ. ಮೂರನೆಯ ಸದಸ್ಯಳು ಸರೋಜ. ಆಕೆಗೆ ಹಡಗಿಗಿಂತ ಅದರಲ್ಲಿರುವ ಹೆಂಗಸರ ಬಟ್ಟೆಯ ಮೇಲೆ ಆಸಕ್ತಿ. ನಾಲ್ಕನೆಯವರು ನಸೀಮಾ ಟೀಚರ್. ಎದುರು ಮನೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಒಂದು ಶನಿವಾರ ಮಹದೇವಪ್ಪನವರು, ಸೂರ್ಯನ ಹತ್ತಿರ ಹೋದ ಹಡಗಿನ ತಳ ಹಿತ್ತಾಳೆಯದಾಗಿದ್ದರೆ ಕರಗುತ್ತಿರಲಿಲ್ಲವೆಂದು ಅರ್ಧ ಗಂಟೆ ವಾದಿಸಿದರು. ಅದನ್ನು ಕಿಟಕಿಯಲ್ಲಿ ಕೇಳಿ ಕೇಳಿ ತಡೆಯಲಾರದೆ ಆಕೆ ರಸ್ತೆ ದಾಟಿ ಬಂದು, "ಕ್ಷಮಿಸಿ ಸಾರ್, ಕರಗುತ್ತೆ," ಎಂದು ಹೇಳಿ ಕೂತರು. ಕೂತವರು ಏಳಲಿಲ್ಲ.

ಮಾತು ಅಂದರೆ ಮಾತಲ್ಲ, ಕ್ರಮವಾಗಿ ನಡೆಯಬೇಕು. ಒಂದು ಪುಸ್ತಕ ಮಾಡಿದೆ. ಮೊದಲು ಹಾಜರಿ, ಆಮೇಲೆ ವಿಷಯ, ವಾದ, ತೀರ್ಮಾನ. ಐದಕ್ಕೆ ಸರಿಯಾಗಿ ಬಾಗಿಲು ಹಾಕುವುದು. ತಡವಾಗಿ ಬಂದವರು ಜಗುಲಿಯಲ್ಲಿ ಕೂತಿದ್ದು, ಐದು ನಲವತ್ತಕ್ಕೆ ಕಾಫಿ ಬರುವಾಗ ಒಳಗೆ ಬರಬಹುದು. ನಸೀಮಾ ಟೀಚರ್ ಎರಡು ಸಲ ಜಗುಲಿಯಲ್ಲಿ ಕೂತು ಮಕ್ಕಳ ನೋಟ್ಸು ತಿದ್ದಿದರು. ಮತ ಹಾಕುವಾಗ ಎರಡು ಎರಡು ಸಮನಾದರೆ ಅಧ್ಯಕ್ಷರ ಹೆಚ್ಚುವರಿ ಮತವೇ ಕೊನೆಯದು. ಅಧ್ಯಕ್ಷರು ಯಾರು ಎಂಬುದಕ್ಕೆ ಮತ ಹಾಕಿದ ನೆನಪು ನನಗಿಲ್ಲ.

ಹಡಗಿನ ಗೋಡೆ ಗಡಿಯಾರ ನೋಡಿ ನೋಡಿ ಬರೆದುಕೊಂಡ ಸಮಯಗಳನ್ನೆಲ್ಲ ಸೇರಿಸಿ ನಾನು ಈ ಚಾರ್ಟು ಹಾಕತೊಡಗಿದೆ. ದೊಡ್ಡ ಹಡಗಿಗೆ ಕೆಂಪು, ಶತ್ರುಗಳಿಗೆ ನೀಲಿ, ಸಾಮಾನು ಸಾಗಿಸುವ ದೋಣಿಗಳಿಗೆ ಹಸಿರು. ಎರಡನೆಯ ಹಡಗಿನ ಕಾಲಕ್ಕೆ ಒಂದು ದಿನ ಕೆಂಪು ಗೆರೆಯೂ ನೀಲಿ ಗೆರೆಯೂ ಎರಡು ಗ್ರಹಗಳ ನಡುವೆ, ಯಾವ ನಿಲ್ದಾಣವೂ ಇಲ್ಲದ ಕಡೆ, ಒಂದನ್ನೊಂದು ಕತ್ತರಿಸಿದವು. ಶನಿವಾರ ಗಂಭೀರವಾಗಿ ಹೇಳಿದೆ: ಕತೆಯವರು ಏನನ್ನೋ ಮುಚ್ಚಿಟ್ಟಿದ್ದಾರೆ. ಆವತ್ತು ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಎರಡು ಹಡಗೂ ಡಿಕ್ಕಿ ಹೊಡೆದು ಪುಡಿಯಾಗಿವೆ. ಆಮೇಲಿನದೆಲ್ಲ ಯಾರದೋ ಕನಸು.

ಮಹದೇವಪ್ಪನವರು ಚಾರ್ಟನ್ನು ನೋಡಿದರು, ನನ್ನನ್ನು ನೋಡಿದರು. ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡರು.

"ಅಲ್ಲ ರಾಯರೇ, ಆಕಾಶದಲ್ಲೂ ಒಂದೇ ಹಳಿ ಹಾಕ್ಬುಟ್ರಲ್ಲ!"

"ಸಾರ್, ಅದು ಆಕಾಶ," ಎಂದರು ನಸೀಮಾ ಟೀಚರ್ ಮೆಲ್ಲಗೆ. "ಪಕ್ಕಕ್ಕೆ ಸರಿದು ಹೋಗಬಹುದು. ಮೇಲೂ ಹೋಗಬಹುದು, ಕೆಳಗೂ ಹೋಗಬಹುದು."

ನಾನು ಚಾರ್ಟನ್ನು ಸುತ್ತಿಟ್ಟೆ. ಆಮೇಲೆ ಪೆನ್ನು ತೆಗೆದು ಪುಸ್ತಕದಲ್ಲಿ ಬರೆದೆ: 'ಆಕಾಶದಲ್ಲಿ ಲೂಪ್ ಹಳಿ ಅವಶ್ಯಕವಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಸರ್ಕಾರಿ ಭಾಷೆಯಲ್ಲಿ ಎಷ್ಟು ಅನುಕೂಲವಿದೆ ನೋಡಿ. ತಪ್ಪು ಮಾಡಿದವನ ಹೆಸರೇ ಬರುವುದಿಲ್ಲ.

ನಸೀಮಾ ಟೀಚರ್ ಮನೆಗೆ ಕಂಪ್ಯೂಟರ್ ಬಂದ ಮೇಲೆ ಇನ್ನೊಂದು ಲೋಕ ತೆರೆಯಿತು. ಇದೇ ಹಡಗಿನ ಬಗ್ಗೆ ಬೇರೆ ಬೇರೆ ದೇಶದ ಸಾವಿರಾರು ಜನ ಇಂಟರ್ನೆಟ್ಟಿನಲ್ಲಿ ಹಗಲೂ ರಾತ್ರಿ ಜಗಳವಾಡುತ್ತಿದ್ದರು. ಅಧ್ಯಕ್ಷರಿಲ್ಲ, ಹಾಜರಿಯಿಲ್ಲ, ಆರೂಕಾಲಕ್ಕೆ ನಿಲ್ಲಿಸುವವರಿಲ್ಲ. ನನಗೆ ಕನಿಕರವೆನಿಸಿತು. ಅವರಿಗೆ ನಾನೊಂದು ಪತ್ರ ಬರೆದೆ. 'ಮಾನ್ಯರೇ' ಎಂದು ಶುರುಮಾಡಿ, ವಿಷಯ, ಉಲ್ಲೇಖ ಎಲ್ಲ ಹಾಕಿ, ಎರಡು ಬೆರಳಿನಲ್ಲಿ ಕುಟ್ಟಿ, ಕೊನೆಗೆ 'ತಮ್ಮ ವಿಶ್ವಾಸಿ' ಎಂದು ಮುಗಿಸಿದ್ದನ್ನು ಟೀಚರ್ ಇಂಗ್ಲಿಷಿಗೆ ಮಾಡಿ ಹಾಕಿದರು. ಅದರಲ್ಲಿ ಹಡಗಿನ ಒಂದು ಪ್ರಯಾಣಕ್ಕೆ ಮೂರು ಗಂಟೆ ಹೆಚ್ಚು ಹಿಡಿದಿದೆಯೆಂದು ತೋರಿಸಿದ್ದೆ. ವಾರದೊಳಗೆ ಯಾರೋ ಒಬ್ಬರು, ನೀವು ಯಾವ ಟೈಮ್‌ಟೇಬಲ್ ನೋಡಿ ಬರೆದಿದ್ದೀರಿ, ನಮಗೂ ಒಂದು ಪ್ರತಿ ಸಿಗಬಹುದೇ ಎಂದು ಕೇಳಿದ್ದರು. ಆ ಕಾಗದದ ಪ್ರಿಂಟನ್ನು ಮಹದೇವಪ್ಪನವರು ಅಂಗಡಿಯಲ್ಲಿ ಒಂದು ತಿಂಗಳು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಕೊಂಡಿದ್ದರು. "ನಮ್ಮ ರಾಯರು ಕಣ್ರೀ," ಎಂದು ಪಾತ್ರೆ ಕೊಳ್ಳಲು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ಇಂಥವರ ಜೊತೆ ನಾನು ಜಗಳವಾಡಿದೆ.

ಆ ಹಡಗಿನಲ್ಲಿ ಸ್ಟೋರು ನೋಡಿಕೊಳ್ಳುವ ಮುದುಕನೊಬ್ಬನಿದ್ದ. ಮೊಳೆ, ಡಬ್ಬಿ, ನೀರಿನ ಪೀಪಾಯಿ ಎಣಿಸುವುದೇ ಅವನ ಕೆಲಸ. ಕತೆಯಲ್ಲಿ ಅವನಿಗೆ ಹೆಚ್ಚು ಮಾತಿರಲಿಲ್ಲ. ಆದರೆ ಮಹದೇವಪ್ಪನವರಿಗೆ ಅವನೆಂದರೆ ಜೀವ. 'ಸ್ಟೋರ್ ತಾತ' ಎಂದು ಹೆಸರಿಟ್ಟವರೂ ಅವರೇ. "ಕ್ಯಾಪ್ಟನ್ನು, ಬಂದೂಕು, ಯುದ್ಧ ಎಲ್ಲ ಸರಿ. ಅಷ್ಟು ಜನಕ್ಕೆ ಉಣ್ಣೋಕೆ ತಟ್ಟೆ ಲೋಟ ಎತ್ತಿಡೋನು ಒಬ್ಬ ಬೇಡ್ವೇನ್ರೀ?" ಎನ್ನುತ್ತಿದ್ದರು.

ಎರಡನೆಯ ಹಡಗಿನ ಕೊನೆಯ ಕಂತಿನಲ್ಲಿ ಶತ್ರುಗಳು ಹಿಂದೆ ಬಿದ್ದಿದ್ದಾರೆ. ಹಡಗಿನ ದೊಡ್ಡ ಬಾಗಿಲು ಗೊತ್ತುಪಡಿಸಿದ ಹೊತ್ತಿಗೆ ಮುಚ್ಚಬೇಕು. ಹೊರಗೆ ಮೂರು ದೋಣಿಗಳಿವೆ. ಒಂದು ಸಲಕ್ಕೆ ಒಂದೇ ಒಳಗೆ ಬರಬಹುದು. ಎರಡು ಬಂದವು. ಮೂರನೆಯದರಲ್ಲಿ ಸ್ಟೋರ್ ತಾತ. ಹೊತ್ತಾಯಿತು, ಕ್ಯಾಪ್ಟನ್ ಬಾಗಿಲು ಮುಚ್ಚಿಸಿದ. ಅಲ್ಲಿಗೆ ಮುಗಿಯಿತು. ಮೂರನೆಯ ಹಡಗಿನ ಕತೆಯಲ್ಲಿ ಅವನ ಸುದ್ದಿಯೇ ಇಲ್ಲ.

"ಸತ್ತ ಅಂತ ಯಾರು ಹೇಳಿದ್ರು? ಹೆಣ ತೋರಿಸಿದ್ರಾ?" ಎಂದು ಮಹದೇವಪ್ಪನವರು.

ದೋಣಿಯಲ್ಲಿದ್ದ ಗಾಳಿ ಆರು ಗಂಟೆಗೆ ಸಾಲುವಷ್ಟು, ಹತ್ತಿರದ ನಿಲ್ದಾಣ ಒಂಬತ್ತು ಗಂಟೆಯ ದಾರಿ ಎಂದು ನಾನು ಚಾರ್ಟಿನಲ್ಲಿ ತೋರಿಸಿದೆ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಮೃತ' ಎಂದು ಬರೆದೆ. ಮಹದೇವಪ್ಪನವರು ಆವತ್ತು ಕಾಫಿಯನ್ನು ಅರ್ಧಕ್ಕೇ ಬಿಟ್ಟರು.

ಎರಡು ವರ್ಷ ಕಳೆದ ಮೇಲೆ ಹಡಗಿನ ಕತೆಯ ಕಂಪ್ಯೂಟರ್ ಆಟ ಬಂತು. ನಸೀಮಾ ಟೀಚರ್ ಸೀಡಿ ತಂದರು. ಅವರ ಮನೆಯಲ್ಲಿ ಅವರು ಮುಂದೆ ಕೂತು ಆಡುವುದು, ನಾವು ಮೂವರು ಹಿಂದೆ ಕೂತು ಹೇಳುವುದು. ಆಟದಲ್ಲಿ ಅದೇ ದೃಶ್ಯವಿತ್ತು. ಅದೇ ಬಾಗಿಲು, ಅದೇ ಮೂರು ದೋಣಿ. ಆದರೆ ಇಲ್ಲಿ ಬಾಗಿಲು ಮುಚ್ಚುವವರು ನಾವು. ಮಹದೇವಪ್ಪನವರು ಟೀಚರನ್ನು ಎಬ್ಬಿಸಿ ತಾವೇ ಕೂತರು. ಹೊತ್ತು ಮೀರಿದರೂ ಬಾಗಿಲು ಮುಚ್ಚಲಿಲ್ಲ. ಸ್ಟೋರ್ ತಾತನ ದೋಣಿ ತೆವಳಿಕೊಂಡು ಒಳಗೆ ಬಂತು. ಅದರ ಹಿಂದೆಯೇ ಶತ್ರುಗಳೂ ಬಂದರು. ಹಡಗು ಹೊತ್ತಿ ಉರಿಯಿತು. ಸೋತಿರಿ ಎಂದು ಪರದೆಯ ಮೇಲೆ ದೊಡ್ಡ ಅಕ್ಷರ ಬಂತು.

ಮಹದೇವಪ್ಪನವರು ಎದ್ದು ನಿಂತು ಚಪ್ಪಾಳೆ ಹೊಡೆದರು. "ಬಂದ್ಬುಟ್ಟ ನೋಡ್ರಿ! ಬದುಕಿದಾನೆ!"

"ಹಡಗೇ ಹೋಯಿತಲ್ಲ ಸ್ವಾಮಿ," ಎಂದೆ.

"ಹೋಗ್ಲಿ ಬುಡಿ. ಅವನು ಒಳಗೆ ಬಂದ್ನೋ ಇಲ್ವೋ? ಪುಸ್ತಕದಲ್ಲಿ 'ಮೃತ' ಹೊಡೆದು ಹಾಕಿ."

ನಾನು ಒಪ್ಪಲಿಲ್ಲ. ಧಾರಾವಾಹಿಯಲ್ಲಿ ನಡೆದದ್ದು ಮಾತ್ರ ನಡೆದದ್ದು. ಆಟದಲ್ಲಿ ಯಾರು ಏನು ಬೇಕಾದರೂ ಮಾಡಬಹುದು, ಅದು ಲೆಕ್ಕಕ್ಕಿಲ್ಲ ಎಂದೆ. ಇಂಟರ್ನೆಟ್ಟಿನಲ್ಲೂ ಇದೇ ಜಗಳ ನಡೆಯುತ್ತಿತ್ತಂತೆ, ಅವರಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ನಾನು ಒಂದೂವರೆ ನಿಮಿಷದಲ್ಲಿ ತೀರ್ಮಾನಿಸಿದೆ. ಮತಕ್ಕೆ ಹಾಕಿದಾಗ ಟೀಚರ್ ಮಹದೇವಪ್ಪನವರ ಕಡೆ, ಸರೋಜ ನನ್ನ ಕಡೆ. ಆಕೆಗೆ ಮನೆಗೆ ಹೋಗಿ ಒಗ್ಗರಣೆ ಹಾಕುವುದಿತ್ತು. ಅಧ್ಯಕ್ಷರ ಹೆಚ್ಚುವರಿ ಮತ ಬಿತ್ತು.

ಮಹದೇವಪ್ಪನವರು ಚಪ್ಪಲಿ ಮೆಟ್ಟುತ್ತಾ ಹೇಳಿದರು. ಆವತ್ತು ಗಂಟಲು ದೊಡ್ಡದಿರಲಿಲ್ಲ.

"ನಿಮಗೆ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಿದ್ರೆ ಆಯ್ತು ರಾಯರೇ. ಒಳಗೆ ಯಾರು ಬಂದ್ರು, ಹೊರಗೆ ಯಾರು ಉಳಿದ್ರು, ಅದೆಲ್ಲ ಬೇಡ."

ಮುಂದಿನ ಶನಿವಾರ ಐದು ಹೊಡೆಯಿತು. ಮಹದೇವಪ್ಪನವರು ಬಂದಿರಲಿಲ್ಲ. ಎಂಟು ವರ್ಷದಲ್ಲಿ ಅವರು ಒಂದು ದಿನವೂ ತಡವಾಗಿ ಬಂದವರಲ್ಲ. ಬಾಗಿಲು ಹಾಕಿದೆ. ಐದು ಗಂಟೆ ಆರು ನಿಮಿಷಕ್ಕೆ ಬೆಲ್ಲಾಯಿತು. ನಸೀಮಾ ಟೀಚರ್ ಏಳಲು ಹೋದರು.

"ಕೂತ್ಕೊಳಮ್ಮ," ಎಂದೆ. "ಐದು ನಲವತ್ತಕ್ಕೆ ತೆಗೆಯೋಣ."

ನಿಯಮ ಎಲ್ಲರಿಗೂ ಒಂದೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಹಿಂದಿನ ವಾರದ ಮಾತು ಮನಸ್ಸಿನಲ್ಲಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಇನ್ನೊಂದು ಸಲ ಬೆಲ್ಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ನೋಡಿದೆ. ಮಹದೇವಪ್ಪನವರು ಸ್ಕೂಟರ್ ತಳ್ಳಿಕೊಂಡು ಮುಖ್ಯ ರಸ್ತೆಯ ಕಡೆ ಹೋಗುತ್ತಿದ್ದರು. ಅಂಗಿಯ ಬೆನ್ನು ಪೂರ್ತಿ ಒದ್ದೆ. ಸಿಟ್ಟಿಗೆ ಸ್ಟಾರ್ಟ್ ಕೂಡ ಮಾಡದೆ ಹೊರಟರಲ್ಲ ಎಂದುಕೊಂಡೆ. ಅಷ್ಟು ಬುದ್ಧಿವಂತ ನಾನು.

ಆಮೇಲೆ ಅವರು ಬರಲಿಲ್ಲ. ಒಂದು ವಾರ, ಎರಡು ವಾರ. ಬಂದೇ ಬರುತ್ತಾರೆ ಎಂದು ಧೈರ್ಯವಾಗಿದ್ದೆ. ಚರ್ಚೆ ನಡೆಸಿದೆ. ನಾನು ಒಂದು ಮಾತು ಹೇಳಿದರೆ ನಸೀಮಾ ಟೀಚರ್ "ಹೌದು ಸಾರ್" ಎನ್ನುತ್ತಿದ್ದರು. ಸರೋಜ ಮೊದಲೇ ಹೌದು ಎಂದಿರುತ್ತಿದ್ದಳು. ಐದು ಇಪ್ಪತ್ತಕ್ಕೆಲ್ಲ ವಿಷಯ ಮುಗಿದು, ಮೂವರೂ ಗೋಡೆ ನೋಡುತ್ತಾ ಕಾಫಿಗೆ ಕಾಯುತ್ತಿದ್ದೆವು. ಹಡಗಿನ ಹೊಸ ಕಂತು ಬಂದರೂ ನನಗೆ ಗಡಿಯಾರ ನೋಡುವ ಮನಸ್ಸಾಗುತ್ತಿರಲಿಲ್ಲ. ತಪ್ಪು ಹಿಡಿದು ಯಾರಿಗೆ ಹೇಳಲಿ?

ಆರನೆಯ ವಾರ ಸರೋಜ ಲೋಟ ಕುಕ್ಕಿದಳು. "ರೀ, ನಿಮ್ಮ ಜೊತೆ ವಾದ ಮಾಡೋಕೆ ಅಂತ ಇದ್ದಿದ್ದು ಅವರೊಬ್ಬರು ಕಣ್ರೀ. ನಾನು ಮೂವತ್ತೈದು ವರ್ಷ ಮಾಡಿ ಸಾಕಾಗಿ ಬಿಟ್ಟಿದೀನಿ. ಹೋಗಿ ಕರ್ಕೊಂಡು ಬನ್ನಿ."

"ಹೋಗಿ ಏನು ಹೇಳಲಿ?"

"ಅದನ್ನೂ ನಾನೇ ಹೇಳಿಕೊಡಬೇಕಾ?"

ಏನು ಹೇಳಬೇಕೆಂದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಗೆರೆ ಎಳೆಯುವುದು ಗೊತ್ತು. ಆದ್ದರಿಂದ ಎದುರು ಮನೆಗೆ ಹೋಗಿ, ಟೀಚರ್ ಹತ್ತಿರ ಆಟ ಹಾಕಿಸಿಕೊಂಡು, ಮೊದಲ ಸಲ ನಾನೇ ಆಡಲು ಕೂತೆ. ಮಹದೇವಪ್ಪನವರ ಹಾಗೆ ಬಾಗಿಲು ತೆರೆದೇ ಇಡೋಣವೆಂದು ನೋಡಿದೆ. ಆಗಲಿಲ್ಲ. ಹೊತ್ತು ಬಂದ ಕೂಡಲೇ ನನ್ನ ಬೆರಳು ತಾನಾಗಿಯೇ ಒತ್ತಿಬಿಡುತ್ತಿತ್ತು. ಮೂರು ದಿನ ಸಂಜೆ ಆಡಿದೆ. ಹತ್ತಾರು ಸಲ ಸ್ಟೋರ್ ತಾತನನ್ನು ಹೊರಗೆ ಬಿಟ್ಟೆ.

"ಸಾರ್, ಸುಮ್ಮನೆ ಕೈ ತೆಗೆದುಬಿಡಿ, ಬಾಗಿಲು ತೆರೆದೇ ಇರುತ್ತೆ," ಎಂದರು ಟೀಚರ್.

"ಕೈ ತೆಗೆದರೆ ಹಡಗು ಹೋಗುತ್ತಲ್ಲಮ್ಮ."

ನಾಲ್ಕನೆಯ ದಿನ ಒಂದು ಕಾಗದ ತೆಗೆದುಕೊಂಡು ಮೂರು ದೋಣಿಗೂ ಗೆರೆ ಎಳೆದೆ. ಎಳೆದವನು ಹಾಗೇ ಕೂತೆ. ಮೊದಲು ಒಳಗೆ ಬರುತ್ತಿದ್ದದ್ದು ನೀರು ತುಂಬಿದ ದೋಣಿ. ಅದರಲ್ಲಿ ಮನುಷ್ಯರೇ ಇಲ್ಲ, ತಾನಾಗಿಯೇ ನಡೆಯುವಂಥದು. ಹತ್ತಿರವಿದೆಯೆಂದು ಎಲ್ಲರೂ ಅದನ್ನೇ ಮೊದಲು ಬಿಡುತ್ತಿದ್ದೆವು. ಧಾರಾವಾಹಿಯ ಕ್ಯಾಪ್ಟನ್ನೂ ಅದನ್ನೇ ಮಾಡಿದ್ದ. ಅಂದರೆ ಗೂಡ್ಸ್ ಗಾಡಿಯನ್ನು ಮುಂದೆ ಬಿಟ್ಟು, ಪ್ಯಾಸೆಂಜರನ್ನು ಹೊರಗೆ ನಿಲ್ಲಿಸಿದ್ದ! ಕಂಟ್ರೋಲಿಗೆ ಸೇರಿದ ಮೊದಲ ವಾರದಲ್ಲಿ ಕಲಿಯುವ ಪಾಠವಿದು: ಜನರಿರುವ ಗಾಡಿ ಮೊದಲು, ಸಾಮಾನು ಆಮೇಲೆ. ಬಾಗಿಲು ಮುಚ್ಚಿದ ಹೊತ್ತು ಸರಿಯಾಗಿತ್ತು. ಸರದಿ ತಪ್ಪಿತ್ತು. ಎರಡು ವರ್ಷ ನಾನು ಹೊತ್ತನ್ನು ಮಾತ್ರ ನೋಡಿದ್ದೆ.

ನೀರಿನ ದೋಣಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಉಳಿದ ಎರಡನ್ನೂ ಒಂದರ ಹಿಂದೊಂದು ಬಿಟ್ಟೆ. ಸ್ಟೋರ್ ತಾತ ಒಳಗೆ ಬಂದ. ಸರಿಯಾದ ಹೊತ್ತಿಗೆ ಬಾಗಿಲು ಮುಚ್ಚಿತು. ಹಡಗು ಉಳಿಯಿತು. ನಸೀಮಾ ಟೀಚರ್ "ಯಾ ಅಲ್ಲಾ!" ಎಂದು ಕೂಗಿದ್ದಕ್ಕೆ ಅವರ ಅತ್ತೆ ಗಾಬರಿಯಾಗಿ ಓಡಿ ಬಂದರು.

ಮರುದಿನ ಹನ್ನೊಂದು ಗಂಟೆಗೆ ಸಂತೇಪೇಟೆಗೆ ಹೋದೆ. ಕಂಕುಳಲ್ಲಿ ಚರ್ಚೆಯ ಪುಸ್ತಕ, ಅಂಗಿಯ ಜೇಬಿನಲ್ಲಿ ಹೊಸ ಗೆರೆಯ ಕಾಗದ. ಮಹದೇವಪ್ಪನವರು ದೊಡ್ಡ ಕೊಳಗವೊಂದನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನನ್ನನ್ನು ನೋಡಿದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಬನ್ನಿ ರಾಯರೇ. ಏನು ಕೊಡ್ಲಿ? ಕೊಳಗವಾ, ಕೊಪ್ಪರಿಗೆಯಾ?"

ಕಾಗದ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಗೆರೆಗಳನ್ನು ಬೆರಳಲ್ಲಿ ಹಿಡಿದು ನೋಡಿದರು. ಮೂರು ಗೆರೆ ಓದಲು ಅವರಿಗೆ ಎಷ್ಟು ಹೊತ್ತು? ಎಂಟು ವರ್ಷ ನನ್ನ ಚಾರ್ಟು ಓದಿದವರು. ಮುಖ ಅರಳತೊಡಗಿತ್ತು. ತಕ್ಷಣ ಬಿಗಿದುಕೊಂಡರು.

"ಇದು ಆಟದಲ್ಲಿ ಅಲ್ವಾ? ಆಟದಲ್ಲಿ ನಡೆದದ್ದು ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದೀರಿ. ಪುಸ್ತಕದಲ್ಲಿ ಬರೆದಿದೀರಿ."

"ಆ ತೀರ್ಮಾನ ವಾಪಸ್ ತೆಗೆದುಕೊಂಡಿದ್ದೇನೆ."

"ಯಾರು ತಗೊಂಡಿದ್ದು? ಸರ್ವಾನುಮತದಿಂದಾನಾ?"

"ಇಲ್ಲ. ನಾನು."

ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸಬಾರದು. ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಸಹಿ ಹಾಕಿ, ವೇಳೆ ನಮೂದಿಸಬೇಕು. ಹಾಗೆಯೇ ಮಾಡಿದೆ. 'ಮೃತ' ಎಂಬುದನ್ನು ಹೊಡೆದು, 'ಒಳಗೆ ಬಂದಿದ್ದಾನೆ' ಎಂದು ಬರೆದೆ. ಸಹಿ. ಹನ್ನೊಂದು ಹದಿನೆಂಟು.

ಮಹದೇವಪ್ಪನವರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಹಾಳೆಗಳನ್ನು ತಿರುಗಿಸಿದರು. ಒಂದು ಕಡೆ ನಿಂತು ಬೆರಳಿಟ್ಟರು. ಆ ಶನಿವಾರದ ಹಾಜರಿ. ನನ್ನದೇ ದುಂಡು ಅಕ್ಷರ: 'ಮಹದೇವಪ್ಪ, ಗೈರು.'

"ನಾನು ಬಂದಿದ್ದೆ," ಎಂದರು. "ಬೆಲ್ ಮಾಡ್ದೆ. ನಿಮಗೆ ಕೇಳ್ತು. ಒಳಗಿಂದ ನೀವು 'ಕೂತ್ಕೊಳಮ್ಮ' ಅಂದಿದ್ದು ನನಗೂ ಕೇಳ್ತು."

'ಗೈರು' ಹೊಡೆದೆ. ಮೇಲೆ ಬರೆದೆ: 'ಹಾಜರು, 5-06.' ಅಷ್ಟು ಬರೆದ ಮೇಲೆ ಕೈ ನಿಲ್ಲಬಾರದೇ? ಇಪ್ಪತ್ತೆಂಟು ವರ್ಷದ ಚಟ. ಗಾಡಿ ತಡವಾಗಿ ಬಂದರೆ ಪಕ್ಕದಲ್ಲಿ ಕಾರಣ ಬರೆಯಲೇಬೇಕು. ತಲೆ ಎತ್ತದೆಯೇ ಕೇಳಿಬಿಟ್ಟೆ:

"ತಡಕ್ಕೆ ಕಾರಣ?"

"ಪಂಕ್ಚರ್. ಕುವೆಂಪುನಗರದಿಂದ ತಳ್ಕೊಂಡು ಬಂದೆ. ವಾಪಸ್ಸೂ ತಳ್ಕೊಂಡೇ ಹೋದೆ."

ಬರೆದೆ: 'ಪಂಕ್ಚರ್.'

"ಅದು ಆರು ನಿಮಿಷಕ್ಕಾಯ್ತು," ಎಂದರು ಮಹದೇವಪ್ಪನವರು. ಕೊಳಗವನ್ನು ಪಕ್ಕಕ್ಕಿಟ್ಟರು. "ಆಮೇಲಿನ ಆರು ವಾರಕ್ಕೆ ಏನು ಕಾರಣ ಬರೀತೀರಿ ರಾಯರೇ?"

ನಮ್ಮ ಕೆಲಸದಲ್ಲಿ ತಡಕ್ಕೆ ಕಾರಣಗಳು ಬೇಕಾದಷ್ಟಿವೆ. ಎಂಜಿನ್ ಕೆಟ್ಟಿತು, ಹಳಿ ಸರಿಯಿಲ್ಲ, ದನ ಅಡ್ಡ ಬಂತು, ಸಿಗ್ನಲ್ ಬೀಳಲಿಲ್ಲ. ಇದ್ಯಾವುದೂ ಅಲ್ಲದೆ, ಕೂತು ಗೆರೆ ಎಳೆಯುವವನದೇ ತಪ್ಪಾಗಿದ್ದರೆ ಅದನ್ನೂ ಬರೆಯಬೇಕು. ಒಂದೇ ಒಂದು ಪದ. ಸರ್ವಿಸಿನುದ್ದಕ್ಕೂ ಆ ಪದವನ್ನು ನಾನು ನನ್ನ ಚಾರ್ಟಿನಲ್ಲಿ ಬರೆದವನಲ್ಲ. ಬರೆಯುವ ಸಂದರ್ಭ ಬರಲಿಲ್ಲವೆಂದು ಎಲ್ಲರಿಗೂ ಹೇಳುತ್ತಿದ್ದೆ.

ಆರು ಶನಿವಾರಗಳ ಹಾಳೆ ತೆಗೆದು, ಆರು ಕಡೆಯೂ ಬರೆದೆ: 'ಕಂಟ್ರೋಲರ್.'

ಮಹದೇವಪ್ಪನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದೊಂದನ್ನೂ ನೋಡಿದರು. ಕೊನೆಯದಕ್ಕೆ ಬಂದಾಗ ಬೆರಳಿನಿಂದ ತಟ್ಟಿದರು.

"ಇದಕ್ಕೆ ಸಹಿ ಮರ್ತಿದೀರಿ."

ಸಹಿ ಹಾಕಿದೆ. ಅವರು ಪುಸ್ತಕ ಮುಚ್ಚಿ, ಕಂಕುಳಿಗೆ ಸಿಕ್ಕಿಸಿಕೊಳ್ಳುವಂತೆ ನನ್ನ ಕೈಗೇ ಕೊಟ್ಟರು. ಅಂಗಡಿಯ ತಪ್ಪಲೆ ಚೊಂಬುಗಳೆಲ್ಲ ಗಣಗಣಿಸುವ ಹಾಗೆ ಅವರ ಹಳೆಯ ಗಂಟಲು ವಾಪಸ್ಸು ಬಂತು.

"ಶನಿವಾರ ಬರ್ತೀನಿ ಬುಡಿ. ಐದೂ ಆರಕ್ಕೇ ಬರ್ತೀನಿ. ಬೇಕೂಂತಲೇ."